ಹೇರ್‌ಕ್ಲಿಪ್ಪುಗಳ ಉಗ್ರಾಣಾಧಿಕಾರಿ

ಮನೆಯಲ್ಲಿರುವ ಸಮಸ್ತ ಹೇರ್‌ಕ್ಲಿಪ್ಪುಗಳನ್ನೂ ಇನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಶಿಸ್ತಿಗೆ ತರುತ್ತೇನೆ ಎಂದು ನಾನು ಒಂದು ಶುಕ್ರವಾರ ಸಂಜೆ ನಡುಮನೆಯಲ್ಲಿ ನಿಂತು ಘೋಷಿಸಿದೆ. ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಬಾಯಿಮಾತು ಎನ್ನಬಹುದಿತ್ತು. ಆಡಿದವನು ನಾನು. ಬಸ್ ಡಿಪೋದ ಉಗ್ರಾಣವನ್ನು ಹದಿನಾಲ್ಕು ವರ್ಷಗಳಿಂದ ಆಳುತ್ತಿರುವವನು. ನನ್ನ ಸಾಮ್ರಾಜ್ಯದಲ್ಲಿ ಹನ್ನೊಂದು ಸಾವಿರ ಬಗೆಯ ಬಿಡಿಭಾಗಗಳಿವೆ. ಪ್ರತಿಯೊಂದಕ್ಕೂ ಒಂದು ನಂಬರು, ಒಂದು ಡಬ್ಬಿ, ಒಂದು ಚೀಟಿ. ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟರೂ ಬ್ರೇಕಿನ ಬುಷ್ಷು ಬೇಕೆಂದವರಿಗೆ ಬ್ರೇಕಿನ ಬುಷ್ಷನ್ನೇ ತಂದುಕೊಡುತ್ತೇನೆ.

ಇಂಥ ನನ್ನ ಮನೆಯಲ್ಲಿ ಕ್ಲಿಪ್ಪುಗಳು ಅರಾಜಕತೆ ನಡೆಸುತ್ತಿದ್ದವು. ಹೆಂಡತಿಯವು, ಮಗಳವು, ಯಾವುದೋ ಕಾಲದಲ್ಲಿ ಬಂದುಹೋದ ನೆಂಟರವು. ಕಿಟಕಿಯ ಪರದೆಗೆ ಮೂರು, ಸೋಫಾದ ಸಂದಿಯಲ್ಲಿ ಏಳು, ಸೋಪಿನ ಪೆಟ್ಟಿಗೆಯಲ್ಲಿ ಒಂದು. ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸಿದರೆ ಮೊದಲ ಸ್ವಾಗತ ಟಿಕ್‌ಟಿಕ್ ಕ್ಲಿಪ್ಪಿನದೇ. ದೊಡ್ಡ ಹಲ್ಲಿನ ಕ್ಲಿಪ್ಪಿಗೆ ಇವರು ಕ್ಲಚ್ ಎನ್ನುತ್ತಾರೆ. ಡಿಪೋದಲ್ಲಿ ಕ್ಲಚ್ ಕಾಲಡಿ ಇದ್ದರೆ ಬಸ್ಸು ಮುಂದೆ ಹೋಗುತ್ತದೆ. ನಮ್ಮ ಮನೆಯಲ್ಲಿ ಕ್ಲಚ್ ಕಾಲಡಿ ಬಂದರೆ ನಾನು ಅಲ್ಲೇ ಕೂತುಬಿಡುತ್ತೇನೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಆ ಶುಕ್ರವಾರ ತಿಂಗಳ ಸಭೆಯಲ್ಲಿ, ಬಿಡಿಭಾಗಗಳ ಶಿಸ್ತಿನ ಬಗ್ಗೆ ನಾನು ಇಪ್ಪತ್ತು ನಿಮಿಷ ಗಂಭೀರವಾಗಿ ಮಾತಾಡಿ ಕೂತಾಗ ಡಿಪೋ ಮ್ಯಾನೇಜರು ಹೇಳಿದರು: "ಮಾತೇನೋ ಚೆನ್ನಾಗಿತ್ತು. ಬೆನ್ನ ಮೇಲೆ ಒಂದು ಗುಲಾಬಿ ಚಿಟ್ಟೆ ಕೂತಿದೆ, ತೆಗೀರಿ."

ಅದು ಮಗಳ ಚಿಟ್ಟೆ ಕ್ಲಿಪ್ಪು. ಬೆಳಿಗ್ಗೆ ನನ್ನ ಬೆನ್ನೇರಿ ಆಡಿದವಳು ಅದನ್ನು ನನ್ನ ಅಂಗಿಗೆ ಕಚ್ಚಿಸಿ ಮರೆತಿದ್ದಳು. ಬಸ್ಸಿನಲ್ಲಿ, ಗೇಟಿನಲ್ಲಿ, ಕ್ಯಾಂಟೀನಿನಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಎಲ್ಲರೂ ನೋಡಿ ಸಂತೋಷಪಟ್ಟಿದ್ದರು, ಅಷ್ಟೇ.

ಘೋಷಣೆ ಕೇಳಿ ಹೆಂಡತಿ ತಲೆ ಎತ್ತಲಿಲ್ಲ. ಅವಳದು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ದಿನಕ್ಕೆ ಮುನ್ನೂರು ಜನರನ್ನು ನೋಡುವವಳು. ನಾನು ಮುನ್ನೂರ ಒಂದನೆಯವನು.

"ಈಗೇನು ತೊಂದರೆ ಆಗಿದೆ?" ಎಂದಳು.

"ಯಾವುದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಅದೇ ತೊಂದರೆ."

"ನನಗೆ ಗೊತ್ತಿದೆಯಲ್ಲ."

"ಹೌದಾ? ಆ ಹಸಿರು ಎಲೆ ಇರೋ ಕ್ಲಿಪ್ಪು ಎಲ್ಲಿದೆ ಹೇಳು ನೋಡೋಣ."

"ಗಡಿಯಾರದ ಹಿಂದೆ. ಅದರ ಜೋಡಿ ನಿಮ್ಮ ಶೇವಿಂಗ್ ಡಬ್ಬೀಲಿ."

ಎದ್ದು ಹೋಗಿ ನೋಡಿದೆ. ಇತ್ತು. ಜೋಡಿಯೂ ಇತ್ತು. ಆದರೆ ಒಬ್ಬರ ನೆನಪಿನ ಮೇಲೆ ನಡೆಯುವುದು ಮನೆಯಾಗಬಹುದು, ಉಗ್ರಾಣವಾಗುವುದಿಲ್ಲ. ಹಾಗೆಂದು ಅವಳಿಗೂ ಹೇಳಿದೆ.

"ಮನೆ ಆದ್ರೆ ಸಾಕು ಕಣ್ರೀ ನಮಗೆ," ಎಂದಳು. ಆಮೇಲೆ ಯಾಕೋ ಮರುಕ ಬಂದಿರಬೇಕು. "ಮಾಡೋದಾದ್ರೆ ಮಾಡಿ. ಆದ್ರೆ ಭಾನುವಾರ ಎರಡು ಗಂಟೆಗೆ ಹುಡುಗೀರು ಬರ್ತಾರೆ. ಅಷ್ಟೊತ್ತಿಗೆ ಎಲ್ಲಾ ಕೈಗೆ ಸಿಗೋ ಹಾಗಿರ್ಬೇಕು."

ಭಾನುವಾರ ಸಂಜೆ ಐದಕ್ಕೆ ಮಗಳ ಶಾಲೆಯಲ್ಲಿ ನಾಟಕವಿತ್ತು. ಹನ್ನೊಂದು ನಕ್ಷತ್ರಗಳು ತಮ್ಮಲ್ಲಿ ಯಾರು ಹೆಚ್ಚು ಹೊಳೆಯುತ್ತಾರೆಂದು ಜಗಳವಾಡುವ ಕಥೆ. ಒಂಬತ್ತು ವರ್ಷದ ನನ್ನ ಮಗಳು ಎಲ್ಲರಿಗಿಂತ ಚಿಕ್ಕ ನಕ್ಷತ್ರ. ಕೊನೆಯ ಮಾತು ಅವಳದು. ಹನ್ನೊಂದೂ ತಲೆಗಳ ಅಲಂಕಾರವನ್ನು ನನ್ನ ಹೆಂಡತಿ ತಾನಾಗಿ ಒಪ್ಪಿಕೊಂಡಿದ್ದಳು. ಅಷ್ಟು ಕ್ಲಿಪ್ಪುಗಳು ಇರುವ ಮನೆ ಆ ಬೀದಿಯಲ್ಲಿ ನಮ್ಮದೊಂದೇ.

ಮಗಳಿಗೆ ಒಂದೇ ಭಯ, ವೇದಿಕೆಯ ಮೇಲೆ ಮಾತು ಮರೆತುಹೋದರೆ ಎಂದು. ಅದಕ್ಕೆ ಅಮ್ಮ ತನ್ನ ಕಂದು ಬಣ್ಣದ ದೊಡ್ಡ ಕ್ಲಿಪ್ಪನ್ನು ಕೊಡುವುದಾಗಿ ಮಾತು ಕೊಟ್ಟಿದ್ದಳು. ಅದರ ಮೇಲೆ ಸಣ್ಣದೊಂದು ತಾಮ್ರದ ಹಕ್ಕಿ ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳ ಅಣ್ಣ ಕೊಡಿಸಿದ್ದು. ಅದು ತಲೆಯ ಮೇಲಿದ್ದರೆ ಕೌಂಟರಿನಾಚೆ ಯಾರು ಎಷ್ಟೇ ಕೂಗಾಡಲಿ, ತನಗೆ ಮಾತು ತಡವರಿಸುವುದಿಲ್ಲ ಎಂದು ಅವಳ ನಂಬಿಕೆ. ನಾನೂ ಅನುಭವದಿಂದ ಬಲ್ಲೆ, ತಡವರಿಸುವುದಿಲ್ಲ.

ಶನಿವಾರ ಬೆಳಿಗ್ಗೆ ತಾಯಿ ಮಗಳು ನಾಟಕದ ಅಭ್ಯಾಸಕ್ಕೆಂದು ಶಾಲೆಗೆ ಹೋದರು. ನಾನು ಅಂಗಿಯ ತೋಳು ಮಡಚಿದೆ.

ಮೊದಲು ವಶಪಡಿಸಿಕೊಳ್ಳುವ ಕಾರ್ಯ. ಸೋಫಾ ತಿರುಗಿಸಿದೆ, ಹಾಸಿಗೆ ಎತ್ತಿದೆ, ಬಟ್ಟೆ ತೊಳೆಯುವ ಯಂತ್ರದ ಹೊಟ್ಟೆಗೆ ಕೈಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಡುಮನೆಯ ನೆಲದ ಮೇಲೆ ಇನ್ನೂರ ಹನ್ನೆರಡು ಕ್ಲಿಪ್ಪುಗಳ ರಾಶಿ ಬಿದ್ದಿತ್ತು. ಹೂವಿನವು, ಮುತ್ತಿನವು, ರಿಬ್ಬನ್ ಗಂಟು ಕಟ್ಟಿದವು, ಕಲ್ಲು ಹರಳಿನವು, ಸ್ಟ್ರಾಬೆರಿ ಹಣ್ಣಿನಂಥವು. ಎಲ್ಲದರ ನಡುವೆ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ನನ್ನ ಪೆನ್ನೂ ಸಿಕ್ಕಿತು. ಅದಕ್ಕೂ ಕ್ಲಿಪ್ ಇದೆಯಲ್ಲ, ಜೊತೆಗೆ ಸೇರಿಕೊಂಡಿರಬೇಕು.

ಪಟ್ಟಿ ಮಾಡಿದೆ. ಬಗೆ, ಬಣ್ಣ, ಗಾತ್ರಕ್ಕೆ ತಕ್ಕಂತೆ ನಂಬರು ಕೊಟ್ಟೆ. ಆದರೆ ಡಬ್ಬಿಯಲ್ಲಿ ಮುಚ್ಚಿಡಲು ಮನಸ್ಸು ಬರಲಿಲ್ಲ. ಸಾಲಾಗಿ ಜೋಡಿಸಿ ನೋಡಿದ ಮೇಲೆ ಅವು ನಿಜಕ್ಕೂ ಚೆಂದ ಕಂಡವು. ಇವನ್ನು ಬರೀ ಜೋಪಾನ ಮಾಡಿದರೆ ಸಾಲದು, ಪ್ರದರ್ಶನಕ್ಕಿಡಬೇಕು ಎನ್ನಿಸಿತು. ಅಲ್ಲಿಗೆ ನನ್ನ ತಲೆ ನನ್ನ ಕೈಮೀರಿತು.

ಡಿಪೋದಲ್ಲಿ ಬೇಡವೆಂದು ಬಿಸಾಡಿದ್ದ ಹಳೆಯ ಬಸ್ಸಿನ ಬೋರ್ಡೊಂದು ನನ್ನ ಬಳಿ ಇತ್ತು. ಒಳ್ಳೆಯ ಉಕ್ಕಿನ ತಗಡು. ಒಂದು ಕಡೆ ‘ವಿಶೇಷ’ ಎಂದು ಬರೆದಿತ್ತು; ಇನ್ನೊಂದು ಕಡೆ ಖಾಲಿ. ಖಾಲಿ ಕಡೆಗೆ ಬಿಳಿ ಬಣ್ಣ ಬಳಿದು, ಒಣಗಿಸಿ, ಬಾಗಿಲಿನ ಎದುರಿನ ಗೋಡೆಗೆ ಬಡಿದೆ. ಯೋಜನೆ ಸರಳ: ಪ್ರತಿ ಕ್ಲಿಪ್ಪಿನ ಬೆನ್ನಿಗೆ ಗುಂಡಿಯಷ್ಟು ಸಣ್ಣ ಅಯಸ್ಕಾಂತ ಅಂಟಿಸುವುದು. ಬೇಕಾದಾಗ ಬೋರ್ಡಿನಿಂದ ಕಿತ್ತರೆ ಕೈಗೆ, ಬೇಡವಾದಾಗ ತಾಗಿಸಿದರೆ ಗೋಡೆಗೆ. ಇಂಥದ್ದು ಯಾರ ತಲೆಗೂ ಯಾಕೆ ಹೊಳೆಯಲಿಲ್ಲ ಎಂದು ನನಗೇ ಆಶ್ಚರ್ಯವಾಯಿತು. ಹೊಳೆದವರು ಸುಮ್ಮನಿದ್ದರು ಎಂಬುದು ಆಮೇಲೆ ತಿಳಿಯಿತು.

ಅಂಟು ಕೂಡ ಡಿಪೋಗೆ ಸರಕು ಕೊಡುವ ಅಂಗಡಿಯದೇ. ಹನಿ ಬಿದ್ದ ಕೂಡಲೇ ಕಚ್ಚುವಂಥದ್ದು. ಪೊಟ್ಟಣದ ಮೇಲೆ ‘ಒಂದೇ ಹನಿ ಸಾಕು’ ಎಂದು ಬರೆದಿತ್ತು. ಅದೆಲ್ಲ ಸಾಮಾನ್ಯ ಜನರಿಗೆ. ನಾನು ಎರಡು ಹನಿ ಹಾಕಿದೆ. ಭಾರವಾದ ಕ್ಲಚ್ಚುಗಳಿಗೆ ಮೂರು. ತಾಮ್ರದ ಹಕ್ಕಿಯ ಕ್ಲಿಪ್ಪು ವಿಶೇಷವಾದ್ದರಿಂದ, ಪ್ರೀತಿಯಿಂದ, ನಾಲ್ಕು.

ಸಂಜೆ ಅವರು ಬಂದಾಗ ಇನ್ನೂರ ಹನ್ನೆರಡೂ ಗೋಡೆಯ ಮೇಲೆ ಸಾಲಾಗಿ ನಿಂತಿದ್ದವು. ಕೆಳಗೆ ಪ್ರತಿಯೊಂದಕ್ಕೂ ಚೀಟಿ. ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಪ್ಪಾ, ಇದು ಅಂಗಡಿ ಥರ ಇದೆ."

"ಅಂಗಡಿಗಿಂತ ಮೇಲು ಪುಟ್ಟಿ. ಅಂಗಡಿಯವರು ಪಟ್ಟಿ ಮಾಡಿರಲ್ಲ."

ಹೆಂಡತಿ ಹತ್ತಿರ ಹೋಗಿ ನೋಡಿದಳು. ಅವಳ ಮುಖದಲ್ಲಿ ಮೆಚ್ಚುಗೆ ಇತ್ತು. ಮದುವೆಯಾದ ಮೇಲೆ ಅದನ್ನು ನಾಲ್ಕೈದು ಸಲ ಕಂಡಿದ್ದೇನೆ, ಗುರುತು ಸಿಗುತ್ತದೆ. "ಚೆನ್ನಾಗಿದೆ ಕಣ್ರೀ, ನಿಜವಾಗ್ಲೂ," ಎನ್ನುತ್ತಾ ಕೈಚಾಚಿದಳು.

"ಮುಟ್ಟಬೇಡ. ಅಂಟು ಪೂರ್ತಿ ಒಣಗಬೇಕು. ನಾಳೆ ಎರಡು ಗಂಟೆಗೆ ಉದ್ಘಾಟನೆ."

"ಉದ್ಘಾಟನೇನಾ?"

"ಮತ್ತೆ?"

ಭಾನುವಾರ ಎರಡಕ್ಕೆ ಸರಿಯಾಗಿ ಹತ್ತು ಹುಡುಗಿಯರು ಬಂದರು; ಅವರ ಜೊತೆ ನಾಲ್ವರು ತಾಯಂದಿರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಬೋರ್ಡಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದೆ. ಚಿಕ್ಕದಾಗಿ ಎರಡು ಮಾತು ಆಡಿದೆ. ವಸ್ತು ಯಾವುದೇ ಇರಲಿ ಅದಕ್ಕೊಂದು ಸ್ಥಳ ಬೇಕು, ಸ್ಥಳ ಇದ್ದರೆ ಸಮಯ ಉಳಿಯುತ್ತದೆ, ಸಮಯ ಉಳಿದರೆ ಜೀವನ ಉಳಿಯುತ್ತದೆ ಎಂದೆಲ್ಲ. ಕ್ಲುಪ್ತವಾಗಿ ಮಾತಾಡಬೇಕೆಂದಿದ್ದೆ, ಕ್ಲಿಪ್ತವಾಗಿಯೇ ಆಯಿತು. ಮಗಳು ಕತ್ತರಿಯಿಂದ ರಿಬ್ಬನ್ ಕತ್ತರಿಸಿದಳು. ತಾಯಂದಿರು ಚಪ್ಪಾಳೆ ತಟ್ಟಿದರು. ಒಬ್ಬರಂತೂ, "ನಮ್ಮನೆಯವರಿಗೆ ಬಲ್ಬ್ ಹಾಕೋಕೂ ಬರಲ್ಲ," ಎಂದು ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಹೆಂಡತಿ ಮೊದಲ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೂದಲು ಬಾಚಿ, ಮೇಲೆತ್ತಿ ಹಿಡಿದು, ಬೋರ್ಡಿನಿಂದ ಒಂದು ಬೆಳ್ಳಿ ಬಣ್ಣದ ಕ್ಲಿಪ್ಪು ಕಿತ್ತಳು. ಒತ್ತಿದಳು. ಅದು ಬಾಯಿ ತೆರೆಯಲಿಲ್ಲ.

ಇನ್ನೊಂದು ಕಿತ್ತಳು. ಅದೂ ತೆರೆಯಲಿಲ್ಲ. ಮೂರನೆಯದನ್ನು ಎರಡೂ ಕೈಯಿಂದ ಒತ್ತಿದಳು. ನಾಲ್ಕನೆಯದನ್ನು ಒಬ್ಬ ತಾಯಿ ಹಲ್ಲಿನಿಂದ ಪ್ರಯತ್ನಿಸಿದರು.

ನಾನು ಮುಂದೆ ಬಂದೆ. "ಸ್ವಲ್ಪ ಬಿಗಿ ಇರುತ್ತೆ, ಹೊಸದು ನೋಡಿ," ಎಂದೆ. ಯಾವುದು ಹೊಸದು ಎಂದು ಯಾರೂ ಕೇಳಲಿಲ್ಲ. ಒಂದು ಕ್ಲಚ್ಚನ್ನು ಹಿಡಿದು ಡಿಪೋದ ಬಲವನ್ನೆಲ್ಲ ಹಾಕಿ ಒತ್ತಿದೆ. ಅದು ಪಟ್ಟೆಂದು ಎರಡು ಹೋಳಾಗಿ ಒಂದು ಹೋಳು ಫ್ಯಾನಿಗೆ ಬಡಿಯಿತು.

ಆಗ ಅರ್ಥವಾಯಿತು. ಎರಡನೆಯ ಹನಿಯೂ ಮೂರನೆಯ ಹನಿಯೂ ಅಯಸ್ಕಾಂತದ ಬಳಿ ನಿಂತಿರಲಿಲ್ಲ. ಹರಿದು ಸ್ಪ್ರಿಂಗಿಗೆ, ಕೀಲಿಗೆ, ಹಲ್ಲಿನ ಸಂದಿಗೆಲ್ಲ ಇಳಿದು, ಇಪ್ಪತ್ತು ಗಂಟೆ ಕಾಲ ನಿಶ್ಚಿಂತೆಯಿಂದ ಒಣಗಿದ್ದವು. ಇನ್ನೂರ ಹನ್ನೆರಡೂ ಕ್ಲಿಪ್ಪುಗಳು ಜೋಪಾನವಾಗಿದ್ದವು. ಎಷ್ಟು ಜೋಪಾನವೆಂದರೆ, ಇನ್ನು ಯಾರೂ ಅವನ್ನು ಬಳಸುವಂತಿರಲಿಲ್ಲ.

ಹೆಂಡತಿ ನನ್ನತ್ತ ನೋಡಲಿಲ್ಲ. ನೇರವಾಗಿ ತಾಮ್ರದ ಹಕ್ಕಿಯ ಕಡೆ ಹೋದಳು. ತೆಗೆದಳು, ಒಂದು ಸಲ ಒತ್ತಿದಳು, ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಲ್ಲಿನಿಂದ ಪ್ರಯತ್ನಿಸಿದ ತಾಯಿಯ ಕೈಚೀಲದಲ್ಲಿ ಉಗುರುಬಣ್ಣ ಅಳಿಸುವ ದ್ರವದ ಬಾಟಲಿ ಇತ್ತು. "ಇದು ಅಂಟು ಬಿಡಿಸುತ್ತಂತೆ," ಎಂದರು. ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ಒಂದು ತಟ್ಟೆಗೆ ಸುರಿದು, ಇಪ್ಪತ್ತು ಚೆಂದದ ಕ್ಲಿಪ್ಪುಗಳನ್ನು ಆರಿಸಿ ಅದರೊಳಗೆ ಹಾಕಿದೆ. ಅಂಟು ಬಿಡಲು ಶುರುವಾಯಿತು. ಅಂಟಿನ ಜೊತೆ ಬಣ್ಣವೂ ಬಿಟ್ಟಿತು. ಹರಳು ಉದುರಿದವು. ಪ್ಲಾಸ್ಟಿಕ್ ಚಿಟ್ಟೆಗಳು ಮೆಲ್ಲಗೆ ರೆಕ್ಕೆ ಮುದುರಿಕೊಂಡು ಹಿಟ್ಟಿನ ಮುದ್ದೆಯಂತಾದವು. ಸ್ಟ್ರಾಬೆರಿ ಹಣ್ಣು ಜಾಮ್ ಆಯಿತು. ಐದು ನಿಮಿಷದಲ್ಲಿ ಇಪ್ಪತ್ತು ಕ್ಲಿಪ್ಪುಗಳು ಸೇರಿ ಒಂದೇ ಕ್ಲಿಪ್ಪಾದವು. ಅದೂ ತೆರೆಯುತ್ತಿರಲಿಲ್ಲ.

ಹತ್ತು ಹುಡುಗಿಯರು ಕೂದಲು ಬಿಚ್ಚಿಕೊಂಡು ಸಾಲಾಗಿ ಕೂತು ನೋಡುತ್ತಿದ್ದರು. ನನ್ನ ಮಗಳು ಮೂಲೆಯಲ್ಲಿದ್ದಳು.

"ಅಮ್ಮಾ, ಹಕ್ಕಿ ಕ್ಲಿಪ್ಪು?"

"ಇವತ್ತು ಬೇಡ ಪುಟ್ಟಿ. ಬೇರೆ ಏನಾದ್ರೂ ಹಾಕ್ತೀನಿ."

"ಬೇರೆ ಹಾಕಿದ್ರೆ ನಾನು ಮಾತು ಮರೀತೀನಿ," ಎಂದಳು. ಅಳಲಿಲ್ಲ. ತುಟಿ ಮಾತ್ರ ಅದುರಿತು. ನಾನು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ ಹೊರಟ್ರಿ?" ಎಂದಳು ಹೆಂಡತಿ.

"ಡಿಪೋಗೆ."

"ಅಲ್ಲಿ ಯಾರಿಗೆ ಕೂದಲಿದೆ?"

ನನಗೂ ಗೊತ್ತಿರಲಿಲ್ಲ. ಹಿಡಿದಿಡುವ, ಬಿಗಿದಿಡುವ ವಸ್ತುಗಳು ಜಗತ್ತಿನಲ್ಲಿ ಇನ್ನೆಲ್ಲಾದರೂ ಇದ್ದರೆ ಅದು ನನ್ನ ಉಗ್ರಾಣದಲ್ಲೇ ಎಂಬುದಷ್ಟೇ ತಲೆಯಲ್ಲಿತ್ತು.

ಭಾನುವಾರದ ಪಾಳಿಯಲ್ಲಿ ಸ್ಪ್ಯಾನರ್ ಅಕ್ಕ ಇದ್ದರು. ಡಿಪೋದ ಹಿರಿಯ ಫಿಟ್ಟರ್. ಮ್ಯಾನೇಜರಿನಿಂದ ಹಿಡಿದು ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಚಕ್ರದ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವರು. ನಾನು ಸ್ಕೂಟರಿನಿಂದ ಇಳಿದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೈಗೆ ಹತ್ತಿದ್ದ ಗ್ರೀಸ್ ಒರೆಸಿಕೊಂಡು, ತಲೆಯ ಮೇಲಿನ ಟೋಪಿ ತೆಗೆದು, ನನಗೆ ಬೆನ್ನು ತೋರಿಸಿದರು. ಅವರ ತುರುಬಿನಲ್ಲಿ ಅಚ್ಚುಕಟ್ಟಾಗಿ ನಾಲ್ಕು ಸ್ಪ್ಲಿಟ್ ಪಿನ್ನುಗಳಿದ್ದವು. ಬಸ್ಸಿನ ಚಕ್ರದ ನಟ್ಟು ಬಿಚ್ಚಿಕೊಳ್ಳದಂತೆ ತೂರಿಸುವ ಎರಡು ಕಾಲಿನ ಪಿನ್ನು.

"ಇದು ನಮ್ಮ ಪಿನ್ನಲ್ವಾ?" ಎಂದೆ.

"ಹನ್ನೆರಡು ವರ್ಷದಿಂದ ಇದೇ ಹಾಕೋದು ಸಾರ್. ಅಂಗಡಿ ಪಿನ್ನು ಮಧ್ಯಾಹ್ನಕ್ಕೇ ಜಾರುತ್ತೆ."

"ಉಗ್ರಾಣದಿಂದ ಒಂದು ಪಿನ್ನೂ ಚೀಟಿ ಇಲ್ದೆ ಆಚೆ ಹೋಗಲ್ಲ ಅಂತ ನಾನು ಮೊನ್ನೆ ಸಭೆಯಲ್ಲಿ ಹೇಳಿದೆನಲ್ಲ?"

"ಹೇಳಿದ್ರಿ. ನಾನು ಹಿಂದಿನ ಸಾಲಲ್ಲೇ ಕೂತಿದ್ದೆ. ಚಿಟ್ಟೇನೂ ನೋಡ್ದೆ."

ವಾದ ಮಾಡುವ ಹೊತ್ತಲ್ಲ. ಇಬ್ಬರೂ ಒಳಗೆ ಹೋದೆವು. ಸ್ಪ್ಲಿಟ್ ಪಿನ್ನುಗಳು, ಪೆಟ್ಟಿಗೆಯಿಂದ ಆಗತಾನೇ ತೆಗೆದ, ಬಂಗಾರದಂತೆ ಹೊಳೆಯುವ ಹಿತ್ತಾಳೆ ವಾಷರುಗಳು, ಜುಟ್ಟು ಬಿಗಿಯಲು ಕಪ್ಪು ರಬ್ಬರ್ ರಿಂಗುಗಳು. ಎಲ್ಲವನ್ನೂ ಆರಿಸಿದೆವು. ನಿಯಮದಂತೆ ಚೀಟಿ ಬರೆದೆ. ‘ಉದ್ದೇಶ’ ಎಂಬ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ, ಸುಳ್ಳು ಬರೆಯಲು ಕೈ ಬಾರದೆ, ‘ಹನ್ನೊಂದು ನಕ್ಷತ್ರಗಳ ತುರ್ತು ದುರಸ್ತಿ’ ಎಂದು ಬರೆದು ಸಹಿ ಹಾಕಿದೆ. ಅಷ್ಟರಲ್ಲಿ ಅಕ್ಕನ ಪಾಳಿಯೂ ಮುಗಿಯಿತು. "ತಗೊಂಡು ಹೋಗಿ ನೀವೇ ಸಿಗಿಸ್ತೀರಾ? ನೆತ್ತಿ ತೂತಾಗುತ್ತೆ. ನಾನೂ ಬರ್ತೀನಿ ನಡೀರಿ," ಎಂದು ಸ್ಕೂಟರಿನ ಹಿಂದೆ ಕೂತರು.

ಮೂರೂವರೆಗೆ ಮನೆ ತಲುಪಿದಾಗ ಒಬ್ಬಳು ಹುಡುಗಿಯ ಕೂದಲನ್ನು ಹೆಂಡತಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸುವ ಯತ್ನದಲ್ಲಿದ್ದಳು. ಅಕ್ಕ ಚೀಲವನ್ನು ಮೇಜಿನ ಮೇಲೆ ಸುರಿದರು. ವಾಷರುಗಳು ಝಲ್ಲೆಂದು ಹರಡಿದವು. ಹೆಂಡತಿ ಒಂದು ಪಿನ್ನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಬಗ್ಗಿಸಿ ನೋಡಿದಳು, ಅಕ್ಕನ ತುರುಬು ನೋಡಿದಳು.

"ತುದಿ ಚುಚ್ಚಲ್ವಾ?"

"ಅರದಿಂದ ಉಜ್ಜಿದೀನಮ್ಮ, ನೋಡಿ."

ಅಷ್ಟೇ ಮಾತು. ಆಮೇಲೆ ಆ ಇಬ್ಬರೂ ಹತ್ತು ವರ್ಷ ಜೊತೆಗೆ ಕೆಲಸ ಮಾಡಿದವರಂತೆ ಕೈಹಚ್ಚಿದರು. ಒಬ್ಬರು ಬಾಚುವುದು, ಒಬ್ಬರು ಬಿಗಿಯುವುದು. ಒಂದೊಂದು ಪಿನ್ನಿನ ತಲೆಗೆ ಒಂದೊಂದು ಹಿತ್ತಾಳೆ ವಾಷರು ಪೋಣಿಸಿ ಜುಟ್ಟಿನ ಸುತ್ತ ಸಿಗಿಸಿದರು. ಹುಡುಗಿಯರು ತಲೆ ಅಲ್ಲಾಡಿಸಿದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಅಳುಮೋರೆ ಹಾಕಿದ್ದವರೆಲ್ಲ ಕನ್ನಡಿಯ ಮುಂದೆ ನೂಕಾಡತೊಡಗಿದರು. ನನಗೆ ಕೊಟ್ಟ ಕೆಲಸ ವಾಷರು ಒರೆಸಿಕೊಡುವುದು. ಹದಿನಾಲ್ಕು ವರ್ಷದ ಅನುಭವ ಅದಕ್ಕೆ ಸಾಕಾಯಿತು.

ಕೊನೆಗೆ ಉಳಿದವಳು ನನ್ನ ಮಗಳು. ಅವಳು ಸ್ಟೂಲಿನ ಮೇಲೆ ಕೂತಳು, ಆದರೆ ಭುಜ ಬಿಗಿಹಿಡಿದೇ ಇದ್ದಳು.

"ನನಗೆ ಹಕ್ಕಿ ಕ್ಲಿಪ್ಪೇ ಬೇಕಿತ್ತು," ಎಂದಳು ಮೆಲ್ಲಗೆ.

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಅವಳೆದುರು ಕುಕ್ಕರಗಾಲಲ್ಲಿ ಕೂತರು.

"ಪುಟ್ಟೀ, ನೀನು ಬಸ್ಸಲ್ಲಿ ಹೋಗಿದ್ದೀಯಾ?"

"ಹೂಂ."

"ಚಕ್ರ ಯಾವತ್ತಾದ್ರೂ ಬಿಚ್ಕೊಂಡು ಹೋಗಿದೆಯಾ?"

"ಇಲ್ಲ."

"ಯಾಕೆ ಹೋಗಲ್ಲ ಗೊತ್ತಾ? ನಟ್ಟು ಬಿಚ್ಚದೇ ಇರೋ ಹಾಗೆ ಈ ಪಿನ್ನು ಹಿಡ್ಕೊಂಡಿರುತ್ತೆ. ಗುಂಡಿ ಬರ್ಲಿ, ಉಬ್ಬು ಬರ್ಲಿ, ಬಿಡಲ್ಲ. ಅರವತ್ತು ಜನ ಕೂತಿರೋ ಬಸ್ಸೇ ಇದನ್ನ ನಂಬ್ಕೊಂಡು ಓಡುತ್ತೆ. ನಿನ್ನ ನಾಲ್ಕು ಮಾತನ್ನ ಹಿಡಿಯಲ್ವಾ ಇದು?"

ಮಗಳು ಯೋಚಿಸಿದಳು. "ಎರಡು ಹಾಕಿ," ಎಂದಳು.

ಹೆಂಡತಿ ಮುಖ ಆಚೆ ತಿರುಗಿಸಿದಳು. ನನಗೂ ಕಣ್ಣಿಗೆ ಏನೋ ಬಿದ್ದಂತಾಗಿ, ಕೈಲಿದ್ದ ಬಟ್ಟೆಯಿಂದ ಒರೆಸಿಕೊಂಡೆ. ಅದು ಗ್ರೀಸ್ ಬಟ್ಟೆ.

ಹಾಗಾಗಿ ನಾಟಕಕ್ಕೆ ಒಂದು ಕಣ್ಣು ಕೆಂಪಗೆ ಮಾಡಿಕೊಂಡೇ ಹೋದೆ. ಅಕ್ಕನೂ ನಮ್ಮ ಜೊತೆ ಬಂದರು. ಪರದೆ ಸರಿಯಿತು. ದೀಪದ ಬೆಳಕು ಬಿದ್ದಾಗ ಹನ್ನೊಂದು ತಲೆಗಳೂ ಒಟ್ಟಿಗೆ ಹೊಳೆದವು. ನಕ್ಷತ್ರಗಳು ಜಗಳವಾಡಿ ಓಡಿದಾಗಲೆಲ್ಲ ಕಿಣಿಕಿಣಿ ಸದ್ದು ಸಭಾಂಗಣದ ಕೊನೆಯ ಸಾಲಿಗೂ ಬಂತು. ಕೊನೆಯಲ್ಲಿ ನನ್ನ ಮಗಳು ಮುಂದೆ ಬಂದಳು. ಬಾಯಿ ತೆರೆದಳು, ನಿಲ್ಲಿಸಿದಳು. ಪಕ್ಕದಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡಳು, ಉಗುರು ನೆಟ್ಟಿತು. ಮಗಳು ಒಂದು ಕೈಯಿಂದ ಮೆಲ್ಲಗೆ ಜುಟ್ಟಿನ ಪಿನ್ನು ಮುಟ್ಟಿ ನೋಡಿಕೊಂಡಳು. ಇತ್ತು.

"ನಾನು ಚಿಕ್ಕವಳು. ಆದ್ರೆ ದಾರಿ ತಪ್ಪಿದವರು ನೋಡೋದು ನನ್ನನ್ನೇ," ಎಂದಳು, ಕೊನೆಯ ಸಾಲಿಗೂ ಕೇಳುವಂತೆ.

ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ನಮ್ಮ ಬಳಿ ಬಂದು, "ಈ ಅಲಂಕಾರ ಯಾರ ಯೋಚನೆ?" ಎಂದು ಕೇಳಿದರು. ಹೆಂಡತಿ ಸ್ಪ್ಯಾನರ್ ಅಕ್ಕನನ್ನು ತೋರಿಸಿದಳು. ಅಕ್ಕ ನನ್ನನ್ನು ತೋರಿಸಿದರು. ನಾನು ಯಾರನ್ನೂ ತೋರಿಸಲಿಲ್ಲ. ಅದೇ ನನ್ನ ಎರಡನೆಯ ತಪ್ಪು.

ಯಾಕೆಂದರೆ ಆ ಹೊಗಳಿಕೆ ನೆತ್ತಿಗೇರಿತು. ಪಿನ್ನು ವಾಪಸ್ ಕೊಡಲು ಬಂದ ಹುಡುಗಿಯರಿಗೆ, "ಇಟ್ಕೊಳ್ರಮ್ಮ, ಡಿಪೋದ ಕಾಣಿಕೆ," ಎಂದುಬಿಟ್ಟೆ. ಸೋಮವಾರ ಅವರು ಅದನ್ನೇ ಹಾಕಿಕೊಂಡು ಶಾಲೆಗೆ ಹೋದರು. ಮಂಗಳವಾರ ಒಬ್ಬ ಚಾಲಕ ಕಿಟಕಿಗೆ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತ. "ಸಾರ್, ನನ್ನ ಮಗಳು ಅದೇ ಶಾಲೆ. ಅದೇ ಪಿನ್ನು ಬೇಕಂತೆ." ಕೊಟ್ಟೆ. ಬುಧವಾರ ಇಬ್ಬರು ಕಂಡಕ್ಟರುಗಳು ಬಂದರು. ಒಬ್ಬರಿಗೆ ಮೂವರು ಹೆಣ್ಣುಮಕ್ಕಳು. ಎಲ್ಲರಿಗೂ ಚೀಟಿ ಬರೆದೇ ಕೊಟ್ಟೆ. ನನ್ನ ಶಿಸ್ತಿನಲ್ಲಿ ಲೋಪವಿಲ್ಲ.

ಆ ಬುಧವಾರವೇ ಸ್ಪ್ಯಾನರ್ ಅಕ್ಕ ತಾಮ್ರದ ಹಕ್ಕಿಯ ಕ್ಲಿಪ್ಪನ್ನು ರಿಪೇರಿ ಮಾಡಿ ತಂದುಕೊಟ್ಟರು. ಭಾನುವಾರ ಹೋಗುವಾಗ ಹೆಂಡತಿಯಿಂದ ಅದನ್ನು ತಾವೇ ಕೇಳಿ ಪಡೆದಿದ್ದರಂತೆ. ಎರಡು ದಿನ ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಸೂಜಿಯಿಂದ ಅಂಟು ಕೆರೆದು, ಕೆಟ್ಟಿದ್ದ ಸ್ಪ್ರಿಂಗ್ ತೆಗೆದು ಬೇರೆ ಕೂರಿಸಿದ್ದರು. ಸಂಜೆ ಅದನ್ನು ಹೆಂಡತಿಯ ಕೈಗಿಟ್ಟೆ. ಒತ್ತಿದಳು. ಬಾಯಿ ತೆರೆಯಿತು. ಬಿಟ್ಟಳು. ಟಪ್ಪೆಂದು ಮುಚ್ಚಿತು. ಮೊದಲಿಗಿಂತ ಎರಡರಷ್ಟು ಬಿಗಿ.

"ತಪ್ಪಾಯ್ತು ಕಣೇ," ಎಂದೆ. ಮೂರು ದಿನದಿಂದ ಹೇಳಬೇಕೆಂದಿದ್ದ ಮಾತು ಅದು.

ಅವಳು ಕೂದಲು ಎತ್ತಿ ಕ್ಲಿಪ್ಪು ಹಾಕಿಕೊಂಡಳು. ತಲೆ ಅತ್ತಿತ್ತ ಅಲ್ಲಾಡಿಸಿ ನೋಡಿದಳು. "ಯಾವ ಸ್ಪ್ರಿಂಗಂತೆ ಇದು?"

"ವೈಪರಿನದು."

"ಮಳೆಗಾಲಕ್ಕೆ ಒಳ್ಳೇದೇ ಆಯ್ತು," ಎಂದಳು. ಮೂರು ದಿನಗಳ ನಂತರ ಅವಳು ನಕ್ಕದ್ದು ಆಗಲೇ. ಬೋರ್ಡನ್ನು ಗೋಡೆಯಿಂದ ಇಳಿಸುವುದು ಬೇಡವೆಂದೂ ಹೇಳಿದಳು. ನೋಡಲು ಚೆಂದವಿದೆ, ಬಂದವರಿಗೆ ತೋರಿಸಿ ಕಥೆ ಹೇಳಬಹುದು ಎಂದು. ಹೇಳುತ್ತಿದ್ದಾಳೆ. ದಿನಕ್ಕೊಂದು ಸಲವಾದರೂ.

ಮನೆಯಲ್ಲಿ ಶಾಂತಿ ನೆಲೆಸಿತು. ಡಿಪೋದಲ್ಲಿ ನೆಲೆಸಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಏಳರ ಬಸ್ಸು ಹೊರಡುವ ಮುನ್ನ ಮುಂಚಕ್ರಕ್ಕೆ ಒಂದು ಸ್ಪ್ಲಿಟ್ ಪಿನ್ನು ಬೇಕಾಯಿತು. ಡಬ್ಬಿಗೆ ಕೈಹಾಕಿದರೆ ತಳದಲ್ಲಿ ಚೀಟಿಗಳಷ್ಟೇ ಇದ್ದವು. ಪಕ್ಕದ ಡಿಪೋದಿಂದ ತರಿಸುವಷ್ಟರಲ್ಲಿ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಮ್ಯಾನೇಜರು ನನ್ನನ್ನೂ ಚೀಟಿಗಳ ಕಟ್ಟನ್ನೂ ಒಟ್ಟಿಗೆ ಒಳಕ್ಕೆ ಕರೆಸಿದರು. ಒಂದೊಂದೇ ಮಗುಚುತ್ತಾ ಬಂದು ಒಂದರ ಮೇಲೆ ಬೆರಳಿಟ್ಟರು.

"ಹನ್ನೊಂದು ನಕ್ಷತ್ರಗಳ ತುರ್ತು ದುರಸ್ತಿ. ಏನ್ರೀ ಇದು? ನಮ್ಮಲ್ಲಿ ನಕ್ಷತ್ರ ಅನ್ನೋ ಬಸ್ಸು ಯಾವುದಿದೆ?"

ಎಲ್ಲವನ್ನೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಮಧ್ಯೆ ಒಂದೆರಡು ಸಲ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು; ಕೆಮ್ಮೆಂದೇ ನಾನು ತಿಳಿದೆ. ಕೊನೆಗೆ ಒಂದು ಸುತ್ತೋಲೆ ಹೊರಡಿಸಲು ಹೇಳಿದರು. ಬರೆಯಬೇಕಾದವನು ನಾನೇ, ಸಹಿಯೂ ನನ್ನದೇ. ಬರೆದೆ: ‘ಉಗ್ರಾಣದ ಯಾವುದೇ ಬಿಡಿಭಾಗವನ್ನು ಯಾರೂ ಯಾವುದೇ ಕಾರಣಕ್ಕೂ ತಲೆಗೆ ಮುಡಿಯತಕ್ಕದ್ದಲ್ಲ, ಮುಡಿಸತಕ್ಕದ್ದೂ ಅಲ್ಲ. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’

ಅದನ್ನು ಹಿಡಿದುಕೊಂಡು ಗೇಟಿನ ಪಕ್ಕದ ನೋಟಿಸ್ ಬೋರ್ಡಿನ ಬಳಿ ಹೋದೆ. ಪಾಳಿ ಬದಲಾಗುವ ಹೊತ್ತು. ಚಾಲಕರು, ಕಂಡಕ್ಟರುಗಳು, ಫಿಟ್ಟರುಗಳು ಎಲ್ಲ ಸುತ್ತ ನೆರೆದರು. ಇಷ್ಟು ಜನರೆದುರು ಈ ಸುತ್ತೋಲೆ ಅಂಟಿಸುವುದಾದರೆ ಕನಿಷ್ಠ ಗತ್ತಿನಿಂದಲಾದರೂ ಅಂಟಿಸೋಣವೆಂದು ಎದೆ ಸೆಟೆಸಿ, ಕಾಗದವನ್ನು ಬೋರ್ಡಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗುಂಡುಸೂಜಿ ಹುಡುಕಿದೆ. ಬೋರ್ಡಿನ ಮೇಲೆ ಒಂದೂ ಇರಲಿಲ್ಲ. ಜೇಬಿನಲ್ಲೂ ಇರಲಿಲ್ಲ. ಕೈ ಬಿಟ್ಟರೆ ಕಾಗದ ಬೀಳುತ್ತದೆ. ಬಿಡದಿದ್ದರೆ ಸಂಜೆಯವರೆಗೂ ನಾನು ಅಲ್ಲೇ ನಿಂತಿರಬೇಕು.

ಗುಂಪಿನ ಹಿಂದಿನಿಂದ ಸ್ಪ್ಯಾನರ್ ಅಕ್ಕ ಬಂದರು. ನನ್ನ ಭುಜದ ಮೇಲಿಂದ ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಚೆನ್ನಾಗಿ ಬರೆದಿದ್ದೀರಿ ಸಾರ್," ಎಂದರು. "ಹಾಗೇ ಹಿಡ್ಕೊಂಡಿರಿ, ಒಂದು ನಿಮಿಷ."

ಟೋಪಿ ತೆಗೆದು, ತುರುಬಿನಿಂದ ಒಂದು ಸ್ಪ್ಲಿಟ್ ಪಿನ್ನು ಎಳೆದು, ಸರಿಯಾಗಿ ನನ್ನ ಸಹಿಯ ಮೇಲೆ ಚುಚ್ಚಿದರು.